ಮಾವ ನೋಡಿದರೆ ಸೋಲು

ಸಂಜೆಯ ಅಮೆರಿಕನ್ ಫುಟ್‌ಬಾಲ್ ಫೈನಲ್‌ನಲ್ಲಿ ತಮ್ಮ ಊರಿನ ತಂಡವೇ ಗೆಲ್ಲುತ್ತದೆ ಎಂಬುದರಲ್ಲಿ ವಾಮನರಾಯರಿಗೆ ಅನುಮಾನವಿರಲಿಲ್ಲ. ಮನೆಮಂದಿಗೆಲ್ಲ ಈ ಆಟದ ಹುಚ್ಚು ಹಿಡಿಸಿದವರೇ ಅವರು.

“ಎದುರಾಳಿಗಳು ದೈತ್ಯರೇ, ಆದ್ರೆ ಓಟ ಇಲ್ಲ. ಚೆಂಡು ನಮ್ಮ ತಂಡದ ಹುಡುಗರ ಕೈಗೆ ಸಿಕ್ಕಿದ್ರೆ ಮುಗೀತು,” ಎಂದರು.

ಅಳಿಯ ಟೀವಿಯ ಧೂಳೊರೆಸುತ್ತಿದ್ದ. “ಅದೆಲ್ಲ ಸರಿ ಮಾವ. ನೀವು ಮಾತ್ರ ನೋಡ್ಬೇಡಿ. ನೀವು ನೋಡಿದ ಒಂದಾಟನಾದ್ರೂ ನಾವು ಗೆದ್ದಿದ್ದೀವಾ?”

“ಫೈನಲ್ ಕಣಯ್ಯಾ.”

“ಫೈನಲ್ ಅಂತಾನೇ ಹೇಳ್ತಿರೋದು.”

ರಾಯರು ಮಗಳ ಮುಖ ನೋಡಿದರು. ಅವಳು ಅವರ ಕೋಟು ತಂದು ಕೈಗಿಟ್ಟಳು. “ಪಾರ್ಕಿಗೆ ಹೋಗಿ ಬನ್ನಿ ಅಪ್ಪ. ಚಳಿ ಇದೆ, ಟೋಪಿ ಮರೀಬೇಡಿ.”

ಆಟದ ದಿನ ರಾಯರನ್ನು ಆಚೆ ಕಳಿಸುವ ಪದ್ಧತಿ ಬೀದಿಗೆಲ್ಲ ಗೊತ್ತಿತ್ತು. ಎದುರುಮನೆಯ ಹೊಸಮನಿ ಬಾಗಿಲಲ್ಲೇ ನಿಂತಿದ್ದ. ಮೈಮೇಲೆ ಎದುರಾಳಿ ತಂಡದ ಕೆಂಪು ಅಂಗಿ.

“ಬರ್ರಿ ಸರ, ನಿಮ್ಮ ದಾರೀನ ಕಾಯಾಕತ್ತಿದ್ದೆ. ಟೀವಿ ಮುಂದ ಮೆತ್ತನ ಕುರ್ಚಿ ಹಾಕೀನಿ. ಮಿರ್ಚಿ ಭಜಿ ಬಿಸಿ ಅದಾವು. ಕಡೀತನಕ ನೋಡ್ರಿ, ನಡುವ ಏಳಬ್ಯಾಡ್ರಿ.”

ಅವನ ಲೆಕ್ಕಾಚಾರ ರಾಯರಿಗೆ ಕೂಡಲೇ ಅರ್ಥವಾಯಿತು. ತಿರುಗಿ ತಮ್ಮ ಮನೆಯತ್ತ ನೋಡಿದರು. ಅವರು ಹೊರಗಿನಿಂದಲೂ ಇಣುಕದಿರಲೆಂದು ಅಳಿಯ ಕಿಟಕಿಯ ಪರದೆ ಎಳೆಯುತ್ತಿದ್ದ.

ರಾಯರು ಬೂಟು ಬಿಚ್ಚಿ ಹೊಸಮನಿಯ ಮನೆಯೊಳಗೆ ಹೋದರು. ಕೂತು, ಕನ್ನಡಕ ಒರೆಸಿ ಹಾಕಿಕೊಂಡು, “ಕುರ್ಚಿ ಇನ್ನೊಂಚೂರು ಮುಂದಕ್ಕೆ ಎಳೀರಿ,” ಎಂದರು.