ಬೋಳುಕೊಳ್ಳದ ತಯಾರಿ

ಬೋಳುಕೊಳ್ಳಕ್ಕೆ ಲೌಡ್‌ಸ್ಪೀಕರ್ ಒಯ್ಯಬೇಕೋ ಬೇಡವೋ ಎಂಬ ಮಾತಿಗೆ ಸಿಂದಗಿಯ ಬಸಂತರಾಯರ ಪಡಸಾಲೆಯಲ್ಲಿ ಜಗಳವೇ ಹತ್ತಿತ್ತು. ಭಜನೆಯವರು ಬರುವುದು ಖಾತ್ರಿಯಾದ ಮೇಲೆ ಅದಿಲ್ಲದೆ ಹೇಗೆ ಎಂದು ಒಂದು ಗುಂಪು. ಅದರ ಬ್ಯಾಟರಿ ಇಟ್ಟರೆ ಹಿಟ್ಟಿನ ಚೀಲಕ್ಕೆ ಜಾಗ ಎಲ್ಲಿ ಎಂದು ಇನ್ನೊಂದು. ಬಸಂತರಾಯರ ಅಣ್ಣನ ಮಗ ಮಡಿವಾಳಪ್ಪ ಕಂಬಕ್ಕೆ ಒರಗಿ, ಬೆಲ್‌ಬಾಟಮ್ಮಿನ ಅಂಚಿಗೆ ಅಂಟಿದ ಮುಳ್ಳು ಕೀಳುತ್ತ ಕುಳಿತಿದ್ದ. ಕೊಳ್ಳಕ್ಕೆ ಹೋಗಬೇಕೆಂದು ಮೊದಲು ಬಾಯಿ ಬಿಟ್ಟವನು ಅವನೇ. ಒಬ್ಬನೇ ಹೋಗಬೇಕೆಂದಿದ್ದ.

ಆಲಮೇಲದ ಸೋದರಮಾವ ಶಂಕರೆಪ್ಪನಿಗೆ ಬರುವ ಸೋಮವಾರ ಅವನು ಉತ್ತರ ಹೇಳಬೇಕಿತ್ತು, ಮಾವನ ಮಗಳು ಕಸ್ತೂರಿಯನ್ನು ಮದುವೆ ಮಾಡಿಕೊಳ್ಳುತ್ತಾನೋ ಇಲ್ಲವೋ ಎಂದು. ಕಸ್ತೂರಿ ಕೆಟ್ಟವಳಲ್ಲ. ಆದರೆ ಅವಳ ಬಾಯಿಗೆ ಬಿಡುವಿಲ್ಲ; ನಿದ್ದೆಯಲ್ಲೂ ಮಾತಾಡುತ್ತಾಳೆಂದು ಹೆತ್ತ ತಾಯಿಯೇ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದ ಮಡಿವಾಳಪ್ಪನಿಗೋ ಗೋಡೆ ನೋಡುತ್ತ ಕೂಡುವುದೇ ಸುಖ. ಹೂಂ ಅನ್ನಲೋ ಒಲ್ಲೆ ಅನ್ನಲೋ ಎಂಬ ಒಂದು ಯೋಚನೆಯನ್ನು ಕೊನೆ ಮುಟ್ಟಿಸಲು ಮನೆಯಲ್ಲಿ ಆಗಿರಲಿಲ್ಲ. ನಡುವೆ ಯಾರಾದರೂ ಬಂದು, "ಯಾಕಪಾ, ಮೈಯಾಗ ಆರಾಮಿಲ್ಲೇನು?" ಎನ್ನುತ್ತಿದ್ದರು.

ಅದಕ್ಕೇ ಹಳೆಯ ಮಿಲಿಟರಿ ಜೀಪಿನ ಚಮನಸಾಬನ ಹತ್ತಿರ ಗುಟ್ಟಾಗಿ ಹೋಗಿ, ಯಾರೂ ಇಲ್ಲದ ಜಾಗ ಎಲ್ಲಿದೆ ಎಂದು ಕೇಳಿದ್ದ.

"ಬೋಳುಕೊಳ್ಳ ಐತ್ರಿ," ಎಂದಿದ್ದ ಚಮನಸಾಬ. "ಮುದ್ದೇಬಿಹಾಳದ ಆಚಿ. ರಸ್ತಾ ಮುಗದ ಮ್ಯಾಲ ಒಣಾ ಹಳ್ಳದಾಗ ಜೀಪ್ ಇಳಸಬೇಕು. ಗಿಡಾ ಇಲ್ಲ, ನೀರಿಲ್ಲ, ಬರೇ ಕೆಂಪ ಕಲ್ಲು. ಅದು ತಾನಾಗಿ ಏನೂ ಅನ್ನಂಗಿಲ್ರಿ. ನೀವ ಒಂದ ಮಾತ ಆಡಿದ್ರ ಮಾತ್ರ ಮೂರ ಸಲ ತಿರುಗಿ ಅಂತೈತಿ."

"ನಾ ಏನೂ ಆಡಂಗಿಲ್ಲ ತಗೋರಿ ಚಾಚಾ."

ಮಾರನೆಯ ದಿನವೇ ಕಾಕಾ ಬಸಂತರಾಯರಿಗೆ ಸುದ್ದಿ ಮುಟ್ಟಿತು. "ಒಬ್ಬಾಂವನ ಹೋದ್ರ ಮನ್ಯಾಗ ಜಗಳಾಗೇತಿ ಅಂತಾರಲೇ ಮಂದಿ. ನಾ ಬರ್ತೇನಿ ಜೋಡಿ," ಎಂದರು. ಕಾಕಾ ಹೊರಟ ಮೇಲೆ ಓಣಿಯ ಹಿರಿಯರನ್ನು ಕರೆಯದೆ ಇರುವಂತಿಲ್ಲ. ಕರೆಯದಿದ್ದರೆ ಅವರ ಮನೆಯ ಹೋಳಿಗೆ ಊಟಕ್ಕೆ ಇವರಿಗೂ ಕರೆ ಬರುವುದಿಲ್ಲ. ಹಿರಿಯರಿಗೆ ಇಸ್ಪೀಟು, ಇಸ್ಪೀಟಿಗೆ ಜಮಖಾನೆ, ಜಮಖಾನೆಗೆ ಡೇರೆ, ಡೇರೆಗೆ ಪೆಟ್ರೋಮ್ಯಾಕ್ಸ್. ನೀರಿಲ್ಲದ ಜಾಗವೆಂದು ನೀರಿನ ಪೀಪಾಯಿ ಹೊತ್ತ ಟ್ರ್ಯಾಕ್ಟರ್. ಟ್ರ್ಯಾಕ್ಟರಿನಲ್ಲಿ ಹೇಗೂ ಜಾಗವಿದೆಯೆಂದು ಭಜನೆಯವರು.

"ಚಮನಸಾಬ, ಆ ಕೊಳ್ಳದಾಗ ಮಂದಿ ಇರ್ತಾರೇನು?" ಎಂದು ಒಬ್ಬ ಹಿರಿಯರು ಕಾಳಜಿಯಿಂದ ವಿಚಾರಿಸಿದರು.

"ಇನ್ನ ಮ್ಯಾಲ ಇರ್ತಾರ್ರಿ," ಎಂದ ಹೊಸ್ತಿಲ ಬಳಿ ಕುಳಿತ ಚಮನಸಾಬ.

ಕೊನೆಗೆ ಬಸಂತರಾಯರು ಕೈಯೆತ್ತಿ ತೀರ್ಪು ಕೊಟ್ಟರು. "ಲೌಡ್‌ಸ್ಪೀಕರ್ ಇರಲಿ. ನಮ್ಮ ಹುಡುಗಗ ಶಾಂತಿ ಬೇಕಾಗೇತಿ. ಭಜನಿ ಜೋರ್ ಇದ್ದಷ್ಟೂ ಶಾಂತಿ ಸಿಗತೈತಿ."

ಅಂಗಳದಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಶಂಕರೆಪ್ಪ ಆಲಮೇಲದ ಬಸ್ಸಿಳಿದು ಬಂದಿದ್ದ. ಊರೆಲ್ಲ ಹೊರಟಿರುವಾಗ ಬೀಗನಾಗಬೇಕಾದವನನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು, ಕೊಳ್ಳದ ವರ್ಣನೆಯನ್ನೆಲ್ಲ ಸೇರಿಸಿ ಕಾಕಾ ಹೇಳಿಕಳಿಸಿದ್ದರು. ಅವನು ಪಡಸಾಲೆಯನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದ. ಮುಖ ಅರಳಿತು.

"ಅಬಬಬ! ಹಿರ್ಯಾರೆಲ್ಲಾ ಕೂಡೇಬಿಟ್ಟೀರಲ್ರಿ! ಇಷ್ಟ ಮಂದೀನ ಒಂದ ಕಡೆ ಕೂಡಸಬೇಕಂದ್ರ ನನ್ನ ಚಪ್ಲಿ ಸವೀತಿದ್ವು. ಬಸಂತರಾಯರ, ಸೋಮವಾರದ ತನಕ ಯಾಕ್ರಿ? ಸಕ್ಕರಿ ಇವತ್ತ ಹಂಚಿಬಿಡೂಣು."

"ಕೊಳ್ಳಕ್ಕಂತ ತಂದ ಸಕ್ಕರಿ ಒಳಗ ಐತಿ," ಎಂದರು ಬಸಂತರಾಯರು. "ವೈನೀ, ಗಂಗಾಳದಾಗ ಒಂದಿಷ್ಟ ತರ್ರಿ."

ಮಡಿವಾಳಪ್ಪ ಮುಳ್ಳು ಕೀಳುವುದನ್ನು ಬಿಟ್ಟು ನೆಟ್ಟಗೆ ಕುಳಿತ. ಹಿರಿಯರ ಮುಂದೆ ಹುಡುಗನ ಬಾಯಿಗೆ ಸಕ್ಕರೆ ಬಿದ್ದರೆ ಮದುವೆಯ ಮಾತು ಗಟ್ಟಿಯಾದಂತೆ. ಮುಂದೆ ಯಾರೂ ಹಿಂದೆ ಸರಿಯುವಂತಿಲ್ಲ. ಅವನ ತಾಯಿ ಸಿದ್ದವ್ವ ಗಂಗಾಳ ತಂದಿಟ್ಟಳು. ಶಂಕರೆಪ್ಪ ಹಿಡಿ ತುಂಬ ಸಕ್ಕರೆ ತೆಗೆದುಕೊಂಡು ಎದುರು ಬಂದು ನಿಂತ.

"ಅಳಿಯಾ, ಓದಿದಾಂವ ನೀ. ಹಿಂದಾಗಡೆ ಕೇಳಲಿಲ್ಲ ಅನಬ್ಯಾಡ. ಒಲ್ಲೆ ಅನ್ನೂದಿದ್ರ ಈಗ ಅಂದುಬಿಡು."

ಪಡಸಾಲೆ ಸುಮ್ಮನಾಯಿತು. ಇಸ್ಪೀಟು ಕಲೆಸುತ್ತಿದ್ದ ಕೈ ನಿಂತಿತು. ತಾಳ ಒರೆಸುತ್ತಿದ್ದ ಭಜನೆಯವನು ಅದನ್ನು ಮೆಲ್ಲಗೆ ಜಮಖಾನೆಯ ಮೇಲಿಟ್ಟ. ಗಂಗಾಳದ ಅಂಚಿನ ಮೇಲೆ ಒಂದು ನೊಣ ನಡೆಯುತ್ತಿತ್ತು. ಈ ಮನೆಯಲ್ಲಿ ಇಂಥ ಮೌನವನ್ನು ಮಡಿವಾಳಪ್ಪ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇದನ್ನು ಹುಡುಕಿಕೊಂಡೇ ಅವನು ಮುದ್ದೇಬಿಹಾಳ ದಾಟಿ ಹೋಗಲು ನಿಂತಿದ್ದ. ಒಲ್ಲೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಇಷ್ಟು ಚೆಂದದ ಮೌನವನ್ನು ಒಡೆಯಲು ಮನಸ್ಸಾಗದೆ, ಇನ್ನೊಂದು ಗಳಿಗೆ ಇರಲಿ ಎಂದು ಕಣ್ಣು ಮುಚ್ಚಿದ.

"ನೋಡ್ರಿ," ಎಂದು ಬಸಂತರಾಯರು ಗದ್ಗದಿತರಾದರು. "ಬಿ.ಎ. ಓದಿದ್ರೂ ಹಿರ್ಯಾರ ಮುಂದ ಬಾಯಿ ತಗೀಲಿಲ್ಲ ನಮ್ಮ ಹುಡುಗ!"

ಒಲ್ಲೆ ಅನ್ನಲೆಂದು ಮಡಿವಾಳಪ್ಪ ತುಟಿ ಬಿಚ್ಚಿದ. ಸಕ್ಕರೆ ಬಿತ್ತು.

ಪಡಸಾಲೆಯಲ್ಲಿ ಮತ್ತೆ ಗಲಗಲ ಶುರುವಾಯಿತು. ತಾಳ ಮೊಳಗಿತು. ಡೇರೆ ಮದುವೆಗೇ ಆಗುತ್ತದೆಂದು ಒಬ್ಬರು, ಲೌಡ್‌ಸ್ಪೀಕರ್ ಅಂತೂ ಬೇಕೇ ಬೇಕೆಂದು ಇನ್ನೊಬ್ಬರು.

"ಹಂಗಾದ್ರ ಕೊಳ್ಳಕ್ಕ ಹೋಗೂದಿಲ್ರಿ?" ಎಂದ ಚಮನಸಾಬ.

"ಛೇ, ಹೋಗೂದಿಲ್ಲ ಅಂದ್ರೇನು!" ಎಂದು ಶಂಕರೆಪ್ಪ ಅಂಗೈಗೆ ಅಂಟಿದ ಸಕ್ಕರೆ ಕೊಡವಿದ. "ಮದವಿ ಆದ ಮರುದಿನಾನ ಇವರಿಬ್ಬರನ್ನೂ ಅಲ್ಲಿ ಬಿಟ್ಟ ಬಾ. ಒಂದ ಮಾತಾಡಿದ್ರ ಮೂರ ಸಲ ಕೇಳತೈತಂತ ಅಂದಕೂಡ್ಲೆ ನಮ್ಮ ಕಸ್ತೂರಿ ಕುಣದಾಡಾಕತ್ತಾಳ."