ಹುಡುಕಿದರೆ ಸಿಗಬೇಕು

ಬೇಡ ಎನ್ನಬೇಕಾದಾಗಲೆಲ್ಲ ತನ್ನ ಬಾಯಿ ಕಟ್ಟಿಹೋಗುತ್ತದೆ ಎಂಬ ಕೊರಗನ್ನು ಮಾನ್ವಿತಾ ಯಾರಿಗೂ ಹೇಳಿಕೊಂಡಿರಲಿಲ್ಲ. ಪಾಡ್‌ಕಾಸ್ಟ್ ಕಚೇರಿಯಲ್ಲಿ ಮಾತು ರೆಕಾರ್ಡ್ ಮಾಡಿ ತಿದ್ದುವುದು, ಆಮೇಲೆ ಹುಡುಕುವವರಿಗೆ ಸುಲಭವಾಗಿ ಸಿಗುವಂತೆ ವಿವರಣೆ, ಟ್ಯಾಗು ಬರೆಯುವುದು ಅವಳ ಕೆಲಸ.

ಈ ಸಲ ಅವಳು ಮಾತಾಡಿಸಿ ಬಂದದ್ದು, ಕೊಲ್ಲಲು ಬಂದ ಗಂಡನಿಂದ ತಪ್ಪಿಸಿಕೊಂಡು ಬೇರೆ ಊರಲ್ಲಿ ಚಕ್ಕುಲಿ ಅಂಗಡಿ ಇಟ್ಟುಕೊಂಡ ಹೆಂಗಸನ್ನು. ಹೆಸರನ್ನೂ ದನಿಯನ್ನೂ ಬದಲಿಸಿಯಾಗಿತ್ತು.

"ಟ್ಯಾಗಲ್ಲಿ ಎರಡೂ ಊರು ಹಾಕಮ್ಮ," ಎಂದರು ಮಾಲೀಕ ಸದಾನಂದಯ್ಯ. "ಹೊಸದುರ್ಗದಿಂದ ಓಡಿಬಂದ್ರು, ತಿಪಟೂರಲ್ಲಿ ಚಕ್ಕುಲಿ ಮಾಡ್ತಾರೆ ಅಂತ. ಜನ ತಮ್ಮೂರಿನ ಹೆಸರು ಹಾಕೇ ಹುಡುಕೋದು."

"ಸರ್, ಊರು ಬೇಡ ಅಂದಿದ್ರು ಅವರು..."

"ಯಾರಿಗೂ ಸಿಗಬಾರದು ಅಂದ್ರೆ ಪಾಡ್‌ಕಾಸ್ಟ್ ಯಾಕಮ್ಮ ಮಾಡ್ಬೇಕು? ಬೀರುನಲ್ಲಿಟ್ಟು ಪೂಜೆ ಮಾಡೋಕಾ?"

ಅವಳು ತಲೆ ತಗ್ಗಿಸಿ ಎರಡೂ ಊರು ಹಾಕಿದಳು.

ಮಾರನೆಯ ದಿನ ಅವರು ಫೋನು ಹಿಡಿದು ಹಿಗ್ಗುತ್ತ ಬಂದರು. "ನೋಡು, ಹೊಸದುರ್ಗದಿಂದಲೇ ಕಾಮೆಂಟು! ಯಾರೋ ರುದ್ರಮುನಿ ಅಂತೆ. ಊರಿನ ಹೆಸರು ಹಾಕಿ ಹುಡುಕ್ದೆ, ತಟ್ಟಂತ ಸಿಕ್ತು ಅಂತ ಬರ್ದಿದಾನೆ. ಚಕ್ಕುಲಿ ತಗೊಳ್ಳೋಕೆ ಬಸ್ ಹತ್ತಿದಾನಂತೆ. ಅಂಗಡಿಗೆ ದಾರಿ ನಾನೇ ಹೇಳ್ದೆ. ಪಾಪ, ಆಯಮ್ಮಂಗೂ ನಾಕು ವ್ಯಾಪಾರ ಆಗ್ಲಿ."

ಮಾನ್ವಿತಾ ಕುರ್ಚಿಯಿಂದ ಎದ್ದಳು.

"ಸರ್, ಆ ಹೆಸರನ್ನ ರೆಕಾರ್ಡಿಂಗಿಂದ ಕತ್ತರಿಸಿದ್ದು ನಾನೇ. ಅದು ಅವರ ಗಂಡ."