ಕಸದ ಗಾಡಿ ಕೇಕ್

ಫಾಂಡಂಟ್ ಮತ್ತೆ ಹರಿಯಿತು. ಹಸಿರು ಬಣ್ಣ ಹಾಕಿ ನಾದಿ, ತೆಳ್ಳಗೆ ಲಟ್ಟಿಸಿದ ಸಕ್ಕರೆ ಹಾಳೆಯನ್ನು ಅಂಗೈಗಳ ಮೇಲೆತ್ತಿ ಕೇಕಿಗೆ ಹೊದಿಸುವಷ್ಟರಲ್ಲಿ ಅದು ಮೂಲೆಯಲ್ಲಿ ಬಾಯಿಬಿಟ್ಟಿತ್ತು. ಡ್ರೈವರಮ್ಮ ಅದನ್ನು ಮುದ್ದೆ ಮಾಡಿ ಮತ್ತೆ ನಾದತೊಡಗಿದಳು. ಊರಿನ ಕಸದ ಲಾರಿಯನ್ನು ಇಕ್ಕಟ್ಟಿನ ಗಲ್ಲಿಗಳಲ್ಲಿ ರಿವರ್ಸ್ ತೆಗೆಯುವ ಕೈಗೆ ಈ ಸಕ್ಕರೆ ಹಾಳೆ ಮಾತ್ರ ಬಗ್ಗುತ್ತಿರಲಿಲ್ಲ. ಆದರೂ ಅವಳು ಖುಷಿಯಲ್ಲಿದ್ದಳು. ಗೊಂಬೆ ಬೇಡ, ಚಿಟ್ಟೆ ಬೇಡ, ಹುಟ್ಟುಹಬ್ಬಕ್ಕೆ ಅಮ್ಮನ ಲಾರಿಯಂಥದೇ ಕೇಕ್ ಬೇಕೆಂದು ಮಗಳು ಪಟ್ಟು ಹಿಡಿದಿದ್ದಳು. ಮನೆಯವರು ಅವಳನ್ನು ಮೆಣಸು ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಬಲೂನುಗಳ ಪೊಟ್ಟಣ ಹಿಡಿದು ಒಳಗೆ ಬಂದ ನಾದಿನಿ, ಅಡುಗೆಮನೆಯ ಕಟ್ಟೆಯ ಮೇಲಿದ್ದ ಉದ್ದನೆಯ ಕೇಕನ್ನೂ ಪಕ್ಕದಲ್ಲಿ ಸಾಲಾಗಿಟ್ಟ ಕಪ್ಪು ಚಕ್ರಗಳನ್ನೂ ನೋಡಿದಳು. ಅವಳ ಮುಖ ಸಪ್ಪಗಾಯಿತು. ಅವಳಿಗೆ ಕೆಲಸ ಮೆಣಸು ಓದುವ ಶಾಲೆಯ ಆಫೀಸಿನಲ್ಲೇ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದಳು. ತರಗತಿಯಲ್ಲಿ ಮೆಣಸನ್ನು ಕಸದ ಗಾಡಿ ಎಂದು ಕೂಗುತ್ತಾರೆ. ಪಕ್ಕದಲ್ಲಿ ಕೂತರೆ ಮೂಗು ಮುಚ್ಚಿಕೊಳ್ಳುತ್ತಾರೆ. ಶುರು ಮಾಡಿದ್ದು ಎರಡು ಜಡೆಯ ಒಬ್ಬ ಹುಡುಗಿ. ಆ ಗುಂಪಿಗೆ ಗುಂಪೇ ಇವತ್ತು ಸಂಜೆ ಇಲ್ಲಿಗೆ ಬರುತ್ತಿದೆ.

"ಇದು ಬೇಡ ಅತ್ತಿಗೆ. ಹೊಡೆಯೋರ ಕೈಗೆ ನಾವೇ ಕೋಲು ಕೊಟ್ಟ ಹಾಗಾಗುತ್ತೆ," ಅಂದಳು.

ಡ್ರೈವರಮ್ಮನ ಕೈ ನಿಂತಿತು. ಬೀದಿಯಲ್ಲಿ ಅವಳು ಕೇಳದ ಮಾತಿಲ್ಲ. ಮಹಡಿಯಿಂದ ಲಾರಿಯ ಮೂತಿಗೇ ಚೀಲ ಎಸೆದವರಿದ್ದರು, ಹಿಂದಿನಿಂದ ಹಾರ್ನ್ ಹೊಡೆದು ಜನ್ಮ ಜಾಲಾಡಿದವರಿದ್ದರು. ಅವರಿಗೆಲ್ಲ ಅಲ್ಲಲ್ಲೇ ತಿರುಗಿಸಿ ಕೊಟ್ಟು ಮುಂದೆ ಹೋಗುತ್ತಿದ್ದಳು. ಆದರೆ ಮೂಗು ಮುಚ್ಚಿಕೊಂಡ ಮಕ್ಕಳಿಗೆ ಏನು ಕೊಡುವುದು? ಕೆಂಪು ಹಾಳೆ ಹೊದಿಸಿ, ಕಿಟಕಿಗಳನ್ನು ಬಿಡಿಸಿಬಿಟ್ಟರೆ ಬಸ್ಸಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದಳು ನಾದಿನಿ. ಹಸಿರು ಮುದ್ದೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಇಬ್ಬರೂ ಸೇರಿ ಕೆಂಪು ಹಾಳೆ ಲಟ್ಟಿಸಿದರು. ಹಾಳಾದ್ದು, ಅದು ಒಂದು ಸಲಕ್ಕೇ ನೀಟಾಗಿ ಕೂತಿತು.

ಮೆಣಸು ತಲೆಸ್ನಾನ ಮುಗಿಸಿ, ಕೂದಲಿಂದ ನೀರು ತೊಟ್ಟಿಕ್ಕಿಸುತ್ತ ಬಾಗಿಲಲ್ಲಿ ನಿಂತಳು. ಯಾಕೆ ಕೆಂಪು ಎಂದು ಕೇಳಿದಳು. ಹಸಿರು ಮುಗಿದುಹೋಯಿತು ಎಂದಳು ತಾಯಿ. ಹುಡುಗಿ ಸೀದಾ ಬಂದು ಒದ್ದೆ ಬಟ್ಟೆ ಎತ್ತಿದಳು. ಹಸಿರು ಮುದ್ದೆಯನ್ನು ನೋಡಿದಳು, ಆಮೇಲೆ ಅತ್ತೆಯನ್ನು ನೋಡಿದಳು. ಅತ್ತೆ ಬಲೂನು ಊದತೊಡಗಿದಳು.

"ಅವರು ಬರಲಿ ಅಂತಾನೇ ಕರೆದಿದ್ದೀನಮ್ಮ," ಅಂದಳು ಮೆಣಸು. "ಕಸದ ಗಾಡಿ ಅಂತ ಬಾಯಲ್ಲಿ ಹೇಳ್ತಾರೆ ಅಷ್ಟೇ, ಅದನ್ನ ಒಂದಿನಾನೂ ಸರಿಯಾಗಿ ನೋಡಿಲ್ಲ. ಇವತ್ತು ನೋಡ್ಲಿ. ನೀನು ಬಸ್ ಮಾಡಿದ್ರೆ ನಾನು ಕಟ್ ಮಾಡಲ್ಲ. ನಾನೇ ಹೆದರಿಲ್ಲ, ನೀನ್ಯಾಕೆ ಹೆದರ್ತೀಯ?"

ಡ್ರೈವರಮ್ಮ ಕೆಂಪು ಹಾಳೆಯ ತುದಿ ಹಿಡಿದು ಒಂದೇ ಸಲಕ್ಕೆ ಎಳೆದಳು. ಅದರ ಜೊತೆ ಕ್ರೀಮೂ ಕಿತ್ತುಬಂತು. ಮತ್ತೆ ಕ್ರೀಮು ಬಳಿದು, ಕೇಕನ್ನು ಫ್ರಿಜ್ಜಿನಲ್ಲಿ ಗಟ್ಟಿಯಾಗಲು ಬಿಟ್ಟು, ಈ ಸಲ ಹಸಿರನ್ನು ದಪ್ಪಗೇ ಲಟ್ಟಿಸಿದಳು. ಹೊದಿಸಿದ ಮೇಲೆ ಏನನ್ನೂ ಬಿಡಲಿಲ್ಲ. ಡಬ್ಬ ಎತ್ತುವ ಹಿಂದಿನ ತೋಳುಗಳು, ನಂಬರ್ ಪ್ಲೇಟು, ಕನ್ನಡಿ, ಎಡಬಾಗಿಲಿನ ನೆಗ್ಗು ಕೂಡ ಬಂತು. ಸ್ಟಿಯರಿಂಗಿನ ಹಿಂದೆ ಕಿತ್ತಳೆ ಕೋಟಿನ ಪುಟ್ಟ ಹೆಂಗಸೊಬ್ಬಳು ಕೂತಳು. ನೋಡುತ್ತಿದ್ದ ನಾದಿನಿ ಕೊನೆಗೆ ಬಟ್ಟೆಯ ತೋಳು ಮಡಚಿ, ಕಸದ ಡಬ್ಬಗಳನ್ನು ತನಗೆ ಬಿಡಿ, ಅತ್ತಿಗೆ ಮಾಡಿದ್ದು ಬಿದ್ದ ಹಲ್ಲಿನ ಹಾಗಿದೆ ಎಂದು ಪಕ್ಕಕ್ಕೆ ಬಂದು ನಿಂತಳು.

ಸಂಜೆ ಮಕ್ಕಳು ಮೇಜಿನ ಸುತ್ತ ಮುತ್ತಿಕೊಂಡರು. ಯಾರೋ ಕಿಸಕ್ಕೆಂದರು. ಎರಡು ಜಡೆಯವಳ ಕೈ ಅಭ್ಯಾಸಬಲದಿಂದ ಮೂಗಿನ ಕಡೆ ಹೋಯಿತು. ಅವಳನ್ನು ಬಿಡಲು ಬಂದಿದ್ದ ತಾಯಿ ನಕ್ಕು, ಪಾಪ, ಮಗುವಿನ ಆಸೆ ಸರಿ, ಆದರೆ ತಿನ್ನುವ ಪದಾರ್ಥದ ಮೇಲೆ ಇಂಥದ್ದೆಲ್ಲ ಯಾಕೆ, ಒಂದು ಹೂವೋ ಗೊಂಬೆಯೋ ಇಡಬಹುದಿತ್ತಲ್ಲ ಎಂದರು.

"ಇದು ನಾನು ದಿನಾ ಓಡಿಸೋ ಗಾಡಿ," ಅಂದಳು ಡ್ರೈವರಮ್ಮ. "ನಿಮ್ಮ ಬೀದಿಗೂ ಬರುತ್ತೆ. ಕೂತ್ಕೊಳ್ಳಿ, ಕೇಕ್ ತಿಂದ್ಕೊಂಡು ಹೋಗಿ."

ಮೆಣಸು ಮೇಣದ ಬತ್ತಿ ಊದಿ ಲಾರಿಯ ಹಿಂಭಾಗಕ್ಕೆ ಚಾಕು ಇಳಿಸಿದಳು. ಹಸಿರಿನ ಒಳಗಿಂದ ಚಾಕೊಲೇಟಿನ ಘಮ ಎದ್ದಿತು. ಈ ಡಬ್ಬ ತಿನ್ನಬಹುದಾ, ಈ ತೋಳು ಹೇಗೆ ಮೇಲೇಳುತ್ತೆ, ನಿಜವಾದ ಗಾಡಿಗೆ ಎಷ್ಟು ಗೇರು ಎಂದು ಒಬ್ಬೊಬ್ಬರಾಗಿ ಕೇಳತೊಡಗಿದರು. ಮೆಣಸು ಯಾರಿಗೂ ಇಲ್ಲವೆನ್ನದೆ ಕೊಯ್ದು ಕೊಟ್ಟಳು, ಮೇಷ್ಟರ ಗತ್ತಿನಲ್ಲಿ ಉತ್ತರವನ್ನೂ ಕೊಟ್ಟಳು. ಗದ್ದಲ ಹೆಚ್ಚಿತು. ಡಬ್ಬಗಳು ಖಾಲಿಯಾದವು, ಹಿಂದಿನ ಚಕ್ರಗಳು ಮಾಯವಾದವು.

ಎಲ್ಲರಿಗೂ ಆದ ಮೇಲೆ ಎರಡು ಜಡೆಯವಳು ತಟ್ಟೆ ಹಿಡಿದು ಮೇಜಿನ ಹತ್ತಿರ ಬಂದಳು. ಮೂಗಿನ ಮೇಲೆ ಕೈ ಇರಲಿಲ್ಲ. ಉಳಿದಿದ್ದ ಮುಂದಿನ ಚಕ್ರವನ್ನು ತೋರಿಸಿ, ಅದು ತನಗೆ ಬೇಕು ಎಂದಳು.

ಮೆಣಸು ಚಾಕು ಕೆಳಗಿಟ್ಟಳು.

"ಗಾಡಿ ನಮ್ಮಮ್ಮಂದು. ಅವಳನ್ನ ಕೇಳು."